ಬೀಸುವ ಪದದ ಮೂರನೆಯ ಸಾಲು

ಅವ್ವನ ಮುಖ ನನಗೆ ನೆನಪಿಲ್ಲ, ದನಿಯೂ ನೆನಪಿಲ್ಲ. ಅವಳು ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಅಕ್ಕಲಕೋಟೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವಳು ಜೋಳ ಬೀಸುತ್ತ ಹಾಡುತ್ತಿದ್ದ ಒಂದು ಪದ ಮಾತ್ರ ಮನೆಯಲ್ಲಿ ಉಳಿಯಿತು. ಉಳಿಸಿದವಳು ಅಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅವಳು ಅವ್ವ ಕೂರುತ್ತಿದ್ದ ಜಾಗದಲ್ಲೇ ಕೂತು, ಅದೇ ಧಾಟಿಯಲ್ಲಿ ಅದನ್ನು ಹಾಡುತ್ತಿದ್ದಳು. ಆಮೇಲೆ ಅವಳನ್ನು ಕುಂಭಾರಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು. ನಾನು ನರ್ಸಿಂಗ್ ಕಲಿಯಲು ಸೊಲ್ಲಾಪುರಕ್ಕೆ ಬಂದೆ. ಜೋಳ ಗಿರಣಿಗೆ ಹೋಯಿತು. ಆ ಪದ ಯಾರಿಗೂ ಬೇಕಾಗಲಿಲ್ಲ, ನನಗೂ ಬೇಕಾಗಲಿಲ್ಲ.

ಬೇಕೆನಿಸಿದ್ದು ನಾನು ನಿವೃತ್ತಳಾದ ಮೇಲೆ, ಅಕ್ಕನ ಕಿವಿ ಮಂದವಾಗತೊಡಗಿದಾಗ. ಕಿವಿಯ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ನರ ಸೋಲುತ್ತಿದೆ, ಕಿವಿಗೆ ಹಾಕುವ ಮಷೀನು ಸ್ವಲ್ಪ ಕಾಲ ಕೆಲಸ ಕೊಡುತ್ತದೆ, ಮೊದಲು ಸಣ್ಣ ದನಿ ಹೋಗುತ್ತದೆ, ದಪ್ಪ ದನಿ ಕೊನೆಗೆ ಹೋಗುತ್ತದೆ ಎಂದರು. ವಾರ್ಡಿನಲ್ಲಿ ನಾನು ರೋಗಿಗಳ ಮನೆಯವರಿಗೆ ಇಂಥ ಮಾತುಗಳನ್ನು ಇದೇ ಸಮಾಧಾನದ ದನಿಯಲ್ಲಿ ಹೇಳಿದ್ದೆ. ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು.

ರಿಕ್ಷಾ ಹತ್ತುವಾಗ ಅಕ್ಕ ಕೇಳಿದಳು, "ಏನಂದ ಅವಾ?"

"ಮಷೀನ ಹಾಕ್ಕೊಬೇಕಂತ."

"ಅಷ್ಟ ಅಂದಿಲ್ಲ. ನಿನ್ನ ಮಾರಿ ನೋಡಿದ್ರ ಗೊತ್ತಾಗ್ತೈತಿ. ಹೋಗ್ಲಿ ಬಿಡು, ಸೊಸಿ ವಟಾವಟಾ ಕೇಳೂದರ ತಪ್ಪತೈತಿ."

ಅಂದೇ ಸಂಜೆ ಅವಳನ್ನು ಕೂರಿಸಿ ಆ ಪದ ಹಾಡಿಸಿದೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಸಾಲುಗಳೆಲ್ಲ ಸರಿಯಾಗಿ ಬಂದವು, ಧಾಟಿ ಬರಲಿಲ್ಲ. ಒಂದು ಸಲ ಹಾಡಿದಂತೆ ಇನ್ನೊಂದು ಸಲ ಇರಲಿಲ್ಲ. ತನ್ನ ದನಿ ತನಗೇ ಸರಿಯಾಗಿ ಕೇಳದವರ ಹಾಡು ಹೀಗೆ ಜಾರುತ್ತದೆ. ಅದು ಅವಳಿಗೂ ತಿಳಿಯುತ್ತಿತ್ತು. "ಹಾಂಗಲ್ಲ," ಎಂದು ತಾನೇ ನಿಲ್ಲಿಸಿದಳು. "ತಲ್ಯಾಗ ಐತಿ, ಬಾಯಾಗ ಬರವಲ್ದು."

ನಾನೇ ಹಾಡಿ ತೋರಿಸೋಣವೆಂದರೆ ಥೈರಾಯ್ಡ್ ಆಪರೇಶನ್ನಿನ ನಂತರ ನನ್ನ ಗಂಟಲು ಒಂದೇ ಮಟ್ಟದ ಗೊಗ್ಗರು ದನಿ ಹೊರಡಿಸುತ್ತದೆ. ಬೇರೊಂದು ದಾರಿ ಬೇಕಿತ್ತು. ನಮ್ಮ ಪಕ್ಕದ ಗಲ್ಲಿಯಲ್ಲಿ ಚರ್ಚಿನಲ್ಲಿ ಪಿಯಾನೊ ನುಡಿಸುವ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಪಾಠ ಹೇಳುತ್ತಾಳೆ. ಕಲಿಸುವ ಹೆಂಗಸರನ್ನು ಇಲ್ಲಿ 'ಬಾಯಿ' ಅನ್ನುವುದು ರೂಢಿ; ನನ್ನ ಮಗಳಾಗುವ ವಯಸ್ಸಿನ ಅವಳನ್ನು ನಾನೂ ಹಾಗೆಯೇ ಕರೆದೆ. ಪಿಯಾನೊದ ಎಡಗಡೆಗೆ ದಪ್ಪ ದನಿಯ ಒತ್ತುಪಟ್ಟಿಗಳು ಬೇಕಾದಷ್ಟಿವೆ ಎಂಬುದು ನನ್ನ ಲೆಕ್ಕಾಚಾರ. ನನಗೆ ಅರೆಬರೆ ನೆನಪಿರುವ ಧಾಟಿಯನ್ನು ನಾನು ನುಡಿಸಬೇಕು, ಅಕ್ಕ ಕೇಳಿ ಸರಿಯೋ ತಪ್ಪೋ ಹೇಳಬೇಕು. ಅವಳ ಕಿವಿ ಇರುವುದರೊಳಗೆ ಈ ಕೆಲಸ ಮುಗಿಯಬೇಕು.

ಮನೆಗೊಂದು ಕೀಬೋರ್ಡ್ ತಂದೆ. ಬೆಳಿಗ್ಗೆ ಐದಕ್ಕೆ ಏಳುವುದು, ಸ್ನಾನ, ಚಹಾ, ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಒಂದು ತಾಸು ಅಭ್ಯಾಸ. ಒಂದು ದಿನವೂ ತಪ್ಪಿಸಲಿಲ್ಲ. ಹಲವು ವಾರ ಕಳೆದರೂ ಮೊದಲ ಸಾಲು ಮಾತ್ರ ಲೀಲಾಜಾಲವಾಗಿ ಬರುತ್ತಿತ್ತು, ಮೂರನೆಯ ಸಾಲಿನಲ್ಲಿ ಬೆರಳುಗಳು ಮುಗ್ಗರಿಸುತ್ತಿದ್ದವು.

ಬಾಯಿ ಒಂದು ದಿನ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದಳು. ತಪ್ಪಿದೆ, ನಿಲ್ಲಿಸಿದೆ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಮತ್ತೆ ತಪ್ಪಿದೆ, ಮತ್ತೆ ಮೊದಲಿನಿಂದ.

"ಸಿಸ್ಟರ್, ಪ್ರತಿ ಸಲ ಯಾಕ ಮೊದಲಿಂದ ಶುರು ಮಾಡ್ತೀರಿ?"

"ಮತ್ತ? ನಡುವ ಕೈ ಕೆಟ್ಟರ ಎಲ್ಲಾ ಬಿಟ್ಟು ಮೊದಲಿಂದಾನೇ ಮಾಡಬೇಕು. ನಮಗ ಹಾಂಗ ಕಲಿಸ್ಯಾರ."

ನಿಜಕ್ಕೂ ಹಾಗೆಯೇ ಕಲಿಸಿದ್ದರು. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ಕೈಗವಸು ಮಂಚದ ಅಂಚಿಗೆ ತಾಗಿದರೂ ಸಾಕು, ಗವಸು ತೆಗೆ, ಕೈ ತೊಳೆ, ಹೊಸ ಟ್ರೇ ತಾ, ಮೊದಲಿನಿಂದ ಶುರು ಮಾಡು. ಅರ್ಧದಿಂದ ಮುಂದುವರಿಸಿದವಳನ್ನು ವಾರ್ಡಿನ ಹೊರಗೆ ನಿಲ್ಲಿಸುತ್ತಿದ್ದರು. ನಾನೂ ಮೇಟ್ರನ್ ಆದ ಮೇಲೆ ಎಷ್ಟೋ ಹುಡುಗಿಯರನ್ನು ಹಾಗೆ ನಿಲ್ಲಿಸಿದ್ದೇನೆ. ರೋಗಿಗಳು ಬದುಕಿದ್ದು ಆ ಶಿಸ್ತಿನಿಂದಲೇ.

ಬಾಯಿ ನಕ್ಕಳು. "ಇಲ್ಲಿ ಸೆಪ್ಟಿಕ್ ಆಗಂಗಿಲ್ರಿ. ಹೊಲಸಾದ ಜಾಗಾನ ಹಿಡೀಬೇಕು. ನೀವು ಮೊದಲನೇ ಸಾಲು ತೊಳದು ತೊಳದು ಇಟ್ಟೀರಿ. ಮೂರನೇದಕ್ಕ ಬರೂದ್ರಾಗ ದಣೀತೀರಿ, ಅದ ತಪ್ಪು ಮತ್ತ ಮಾಡ್ತೀರಿ. ಬೆರಳಿಗೆ ಆ ತಪ್ಪು ಪಾಠ ಆಗೇತಿ."

ಅಂದಿನಿಂದ ಅವಳ ಕ್ರಮ. ಮುರಿಯುವ ಜಾಗದ ಎರಡೇ ಪಟ್ಟಿ, ಅವುಗಳ ನಡುವಿನ ಹಾದಿ ಮಾತ್ರ. ಬಲಗೈ ಬೇರೆ, ಎಡಗೈ ಬೇರೆ. ತಪ್ಪಲು ಸಾಧ್ಯವೇ ಇಲ್ಲದಷ್ಟು ನಿಧಾನ. ದಣಿಯುವ ಮೊದಲೇ ಏಳುವುದು. ಒಂದು ತಾಸು ಒಟ್ಟಿಗೆ ಕೂರುವ ಬದಲು ಸ್ವಲ್ಪ ಬೆಳಿಗ್ಗೆ, ಸ್ವಲ್ಪ ಮಧ್ಯಾಹ್ನ, ಸ್ವಲ್ಪ ಸಂಜೆ. ಎಡಗೈಗೆ ಒಂದೇ ಕೆಳಗಿನ ಸ್ವರ ಕೊಟ್ಟಳು, ಬೀಸುವ ಕಲ್ಲು ಗುರ್ರೆನ್ನುವ ಹಾಗೆ. ನಿಧಾನ ಎಂದಾಗಲೆಲ್ಲ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ನನಗಿದ್ದ ಅವಸರವನ್ನು ಅವಳಿಗೆ ಹೇಳಿದ್ದೆ. "ಅವಸರ ಐತಿ ಅಂತನ ನಿಧಾನ ಮಾಡ್ರಿ," ಎಂದಳು.

ಭಾನುವಾರ ಕುಂಭಾರಿಗೆ ಹೋಗುತ್ತಿದ್ದೆ. ಕೀಬೋರ್ಡನ್ನು ಹಳೆಯ ಚಾದರಿನಲ್ಲಿ ಸುತ್ತಿ ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂರುತ್ತಿದ್ದೆ. "ಆಜಿ, ಭಜನಿಗೆ ಹೊಂಟೀರೇನ್ರಿ?" ಎಂದು ಕಂಡಕ್ಟರ್ ಕೇಳುತ್ತಿದ್ದ. ಹೌದು ಎನ್ನುತ್ತಿದ್ದೆ. ಅಕ್ಕನ ಪಡಸಾಲೆಯಲ್ಲಿ ಅದನ್ನು ಜೋಳದ ಚೀಲದ ಮೇಲಿಟ್ಟು ನುಡಿಸುವುದು. ಅವಳು ಮಷೀನು ಹಾಕಿಕೊಂಡು, ಕಣ್ಣು ಮುಚ್ಚಿ ಕೇಳುವುದು. ಮೊದಲ ಎರಡು ಸಾಲು ಸರಿ ಎನಿಸಿಕೊಂಡವು. ಮೂರನೆಯದಕ್ಕೆ ಬಂದರೆ ಅದೇ ಉತ್ತರ: "ಹಾಂಗಲ್ಲ."

"ಮತ್ತ ಹೆಂಗ?"

"ಹೆಂಗ ಅಂದ್ರ? ಹಾಂಗಲ್ಲ ಅಂದ್ನಲ್ಲ."

"ಹಾಂಗಲ್ಲ, ಹಾಂಗಲ್ಲ! ಪೇಶಂಟು ಎಲ್ಲಿ ನೋವೈತಿ ಅಂತ ಹೇಳಬೇಕು, ಬರೇ ನೋವೈತಿ ಅಂದ್ರ ಏನ ಔಷಧ ಕೊಡೂದು?"

"ಹೋಗ, ದೊಡ್ಡ ಮೇಟ್ರನ್ ಬಂದಾಳ. ನಿನ್ನ ಕುಂಡಿ ತೊಳದಾಕಿ ನಾನು."

ಒಳಗಿನಿಂದ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ತಿಂಗಳುಗಳು ಹೋದವು. ನಾನು ಧಾಟಿಯನ್ನು ಕೀಬೋರ್ಡಿನ ನಡುಭಾಗದಲ್ಲಿ ಶುರು ಮಾಡಿದ್ದೆ. ದೀಪಾವಳಿಯ ಹೊತ್ತಿಗೆ ಅದು ಅವಳಿಗೆ ಅಸ್ಪಷ್ಟವಾಯಿತು. ಎಡಕ್ಕೆ ಸರಿಸಿ ಕೆಳಗಿನ ದನಿಯಲ್ಲಿ ನುಡಿಸಿದೆ. ಸಂಕ್ರಾಂತಿಗೆ ಇನ್ನೂ ಎಡಕ್ಕೆ ಸರಿಸಿದೆ. ಇನ್ನು ಹೆಚ್ಚು ಪಟ್ಟಿಗಳು ಉಳಿದಿರಲಿಲ್ಲ. ಅಭ್ಯಾಸಕ್ಕೆ ಕೂತಾಗ ಆ ಎಡ ಅಂಚನ್ನು ನೋಡದಿರಲು ಯತ್ನಿಸುತ್ತಿದ್ದೆ.

ಸಂಕ್ರಾಂತಿಯ ನಂತರದ ಒಂದು ಭಾನುವಾರ ಅಕ್ಕ ಬೇಸತ್ತು ಎದ್ದಳು. "ಹಿಂಗ ಕೂತ್ರ ನನಗೂ ನೆಪ್ಪಾಗಂಗಿಲ್ಲ. ಕಲ್ಲು ತಗಸು."

ಬೀಸುವ ಕಲ್ಲು ಹಿತ್ತಲಲ್ಲಿತ್ತು. ಮೇಲಿನ ಹೋಳನ್ನು ನೀರಿನ ಹರವಿಗೆ ಆಸರೆ ಕೊಟ್ಟಿದ್ದರು. ಸೊಸೆ ಹರವಿ ಇಳಿಸಿ, ಕಲ್ಲು ತೊಳೆದು, ಪಡಸಾಲೆಗೆ ಉರುಳಿಸಿಕೊಂಡು ಬಂದಳು. ತಿರುಗಿಸುವ ಗೂಟ ಲಡ್ಡಾಗಿತ್ತು, ಹೊಸದು ಬಡಿದಳು. ಅಕ್ಕ ಒಂದು ಕಾಲು ಚಾಚಿ ಕೂತು, ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಒಂದೇ ಗೂಟಕ್ಕೆ ಇಬ್ಬರ ಕೈ. ಒಂದು ಹಿಡಿ ಜೋಳ ಹಾಕಿ ತಿರುಗಿಸತೊಡಗಿದೆವು. ಅವಳು ದನಿ ತೆಗೆದು ಹಾಡಲಿಲ್ಲ, ತುಟಿ ಮಾತ್ರ ಆಡಿಸುತ್ತಿದ್ದಳು. ಮೂರನೆಯ ಸಾಲು ಬಂತೆಂದು ತುಟಿ ನೋಡಿ ತಿಳಿಯಿತು. ಗೂಟ ನನ್ನ ಕಡೆಗೆ ಬಂದಾಗ ಅವಳು ಉಸಿರು ಹಿಡಿದಳು. ತನ್ನ ಕಡೆಗೆ ಎಳೆದುಕೊಂಡಾಗ ನನ್ನ ಕೈಯನ್ನು ಒತ್ತಿದಳು.

"ನೋಡ, ಇಲ್ಲಿ. ದೂಡೂವಾಗ ಅಲ್ಲ. ಎಳ್ಕೊಳ್ಳುವಾಗ ಬರಬೇಕದು."

ನಾನು ಇಷ್ಟು ದಿನ ತಪ್ಪು ಸ್ವರ ಹುಡುಕುತ್ತಿದ್ದೆ. ಸ್ವರ ಸರಿಯಾಗಿಯೇ ಇತ್ತು. ಅದು ಬೀಳುವ ಗಳಿಗೆ ತಪ್ಪಿತ್ತು. ಕಲ್ಲಿನ ಅರ್ಧ ಸುತ್ತಿನಷ್ಟು ತಡೆದು ಬರಬೇಕಾದದ್ದನ್ನು ನಾನು ಗಡಿಯಾರದ ಟಿಕ್ಕಿಗೆ ಸರಿಯಾಗಿ ಒತ್ತುತ್ತಿದ್ದೆ. ಆಗಲೇ ಕೀಬೋರ್ಡಿಗೆ ಕೈ ಹಾಕಿದೆ, ಬರಲಿಲ್ಲ. ಬೆರಳಿಗೆ ಹಳೆಯದೇ ಪಾಠವಾಗಿತ್ತು. "ಹಾಂಗಲ್ಲ," ಎಂದಳು ಅಕ್ಕ, "ಆದ್ರ ಸಮೀಪ ಬಂದಿ."

ಮರುದಿನ ಬಾಯಿಗೆ ಹೇಳಿದೆ. ಅವಳು ಎಡಗೈಯ ಸ್ವರವನ್ನು ಎರಡು ಪಾಲು ಮಾಡಿದಳು: ದೂಡುವುದಕ್ಕೊಂದು, ಎಳೆಯುವುದಕ್ಕೊಂದು. ಗಡಿಯಾರವನ್ನು ಬೇರೆ ಕೋಣೆಗೆ ಒಯ್ಯಲು ಹೇಳಿದಳು. ಆ ವಾರವೆಲ್ಲ ನಾನು ಮೂರನೆಯ ಸಾಲನ್ನಲ್ಲದೆ ಬೇರೇನನ್ನೂ ಮುಟ್ಟಲಿಲ್ಲ. ಕೂತಲ್ಲೇ ಸೊಂಟದಿಂದ ಮುಂದೆ ಬಾಗುವುದು, ಹಿಂದೆ ಬರುವುದು, ಬಂದಾಗ ಒತ್ತುವುದು. ಶುಕ್ರವಾರ ಅದು ಬಂತು. ಶನಿವಾರವೂ ಬಂತು. ಆ ದಿನ ಊಟ ಬಡಿಸಿಕೊಂಡು ಕೂತವಳು ತಟ್ಟೆ ಬಿಟ್ಟು ಎದ್ದು ಮತ್ತೊಮ್ಮೆ ನುಡಿಸಿದೆ, ಅಷ್ಟು ಹಿಗ್ಗು.

ಭಾನುವಾರ ಕುಂಭಾರಿ ತಲುಪಿದಾಗ ಅಕ್ಕ ಶೇಂಗಾ ಸುಲಿಯುತ್ತಿದ್ದಳು. ಕಿವಿಯಲ್ಲಿ ಮಷೀನು ಇತ್ತು. ಚೀಲದ ಮೇಲೆ ಕೀಬೋರ್ಡ್ ಇಟ್ಟು, ಎಲ್ಲಕ್ಕಿಂತ ಎಡಗಡೆಯ ಪಟ್ಟಿಗಳ ಮೇಲೆ, ದನಿಯನ್ನು ಪೂರ್ತಿ ಏರಿಸಿ, ಪದವನ್ನು ತುದಿಯವರೆಗೆ ನುಡಿಸಿದೆ. ಮೂರನೆಯ ಸಾಲು ಕಲ್ಲಿನ ಮೇಲೆ ಬಂದಂತೆಯೇ ಬಂತು. ಅಕ್ಕ ತಲೆ ತೂಗಿದಳು. ಹಾಂಗಲ್ಲ ಎನ್ನಲಿಲ್ಲ.

"ಈಗ ಚಂದ ಬಂತ ನೋಡು," ಎಂದಳು. ಅಂಗಳದಾಚೆಗಿನವರನ್ನು ಕರೆಯುವಷ್ಟು ಜೋರಾಗಿ ಅಂದಳು.

ಆ ಜೋರು ನನಗೆ ಸರಿಬರಲಿಲ್ಲ. ಅವಳು ಕಣ್ಣನ್ನೂ ಮುಚ್ಚಿರಲಿಲ್ಲ, ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಮತ್ತೊಮ್ಮೆ ನುಡಿಸಿದೆ. ಮೂರನೆಯ ಸಾಲಿನಲ್ಲಿ ಬೇಕೆಂದೇ ಪಕ್ಕದ ಕಪ್ಪು ಪಟ್ಟಿಯನ್ನು ಒತ್ತಿದೆ. ಇಷ್ಟು ತಿಂಗಳು ತಿದ್ದಿದ ಬೆರಳು ಅತ್ತ ಹೋಗಲು ಒಪ್ಪುತ್ತಿರಲಿಲ್ಲ, ಬಲವಂತವಾಗಿ ಒತ್ತಿದೆ. ಮನೆಯೊಳಗೆಲ್ಲ ಅಪಸ್ವರ ಕೇಳಿಸಿತು. ಅಕ್ಕನ ತಲೆ ಮೊದಲಿನಂತೆಯೇ ತೂಗುತ್ತಿತ್ತು, ಮುಖದಲ್ಲಿ ಅದೇ ನಗು.

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳಿಗೂ ಅರ್ಥವಾಯಿತು. "ಬುಧವಾರದಿಂದ ಏನೂ ಕೇಳಸವಲ್ದ್ರಿ ಸಣ್ಣತ್ತಿ," ಎಂದು ಮೆಲ್ಲಗೆ ಹೇಳಿದಳು. "ನಿಮಗ ಹೇಳಬ್ಯಾಡ ಅಂದಿದ್ರು."

ಬುಧವಾರ. ಅಂದು ನಾನು ಸೊಲ್ಲಾಪುರದಲ್ಲಿ ಅದೊಂದು ಸಾಲಿಗಾಗಿ ಮುಂದೆ ಬಾಗಿ ಹಿಂದೆ ಬರುತ್ತಿದ್ದೆ. ಆ ಸಾಲು ನನಗೆ ಬಂದದ್ದು ಶುಕ್ರವಾರ. ಈಗ ಅದು ಅವ್ವನ ಧಾಟಿಯೇ ಹೌದೋ, ಇಲ್ಲ ನಾನು ಕಟ್ಟಿಕೊಂಡದ್ದೋ, ಹೇಳಬಲ್ಲವರು ಯಾರೂ ಇಲ್ಲ. ಪಿಯಾನೊ ಕಲಿಸುವ ಬಾಯಿಗೆ ನನ್ನ ತಾಳ ಗೊತ್ತು, ಅವ್ವ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಅಕ್ಕ ಶೇಂಗಾದ ಸಿಪ್ಪೆಯನ್ನು ಸೀರೆಯಿಂದ ಕೊಡವಿ ನನ್ನ ಹತ್ತಿರ ಸರಿದು ಕೂತಳು. ನನ್ನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ರಿಕ್ಷಾದಲ್ಲಿ ನೋಡಿದಂತೆಯೇ ಎಲ್ಲವನ್ನೂ ಅಲ್ಲೇ ಓದಿಕೊಂಡಿರಬೇಕು. ನಗು ಸ್ವಲ್ಪ ಸಣ್ಣದಾಯಿತು, ಹೋಗಲಿಲ್ಲ.

"ಇನ್ನೊಮ್ಮಿ ಬಾರಸು," ಎಂದಳು.

ಬೆರಳುಗಳನ್ನು ಮತ್ತೆ ಎಡ ಅಂಚಿನ ಪಟ್ಟಿಗಳ ಮೇಲೆ ಇಟ್ಟೆ. ಆಮೇಲೆ ಮೊದಲಿನಿಂದ ಕೊನೆಯವರೆಗೆ, ಎಲ್ಲಿಯೂ ತಪ್ಪದೆ, ನಿಧಾನವಾಗಿ ನುಡಿಸಿದೆ. ಮುಗಿಸಿ ಕೈ ತೊಡೆಯ ಮೇಲಿಟ್ಟುಕೊಂಡ ಮೇಲೂ ಅಕ್ಕ ಸ್ವಲ್ಪ ಹೊತ್ತು ತಲೆ ತೂಗುತ್ತಲೇ ಇದ್ದಳು.