ಹನ್ನೊಂದು ದಿನ ನೀರಿನಲ್ಲಿದ್ದ ಕೋವಿ

ನಮ್ಮ ಯಜಮಾನರು ಪಿರಿಯಾಪಟ್ಟಣದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದರು. ಲೈಸೆನ್ಸ್ ಇದ್ದ ಸಣ್ಣ ಅಂಗಡಿ. ಒಳಗೆ ಒಂದು ಬೆಂಚು, ಗೋಡೆಗೆ ಬಿಗಿದ ಒಂದು ಕಬ್ಬಿಣದ ಪೆಟ್ಟಿಗೆ. ಕೊಡಗಿನ ಕಡೆಯಿಂದ ಬರುವವರು, ಕಾಡಂಚಿನ ಹಳ್ಳಿಗಳಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತರು ಅವರ ಗಿರಾಕಿಗಳು. ಅವರು ತೀರಿಕೊಂಡು ಏಳು ತಿಂಗಳಾಯಿತು. ಅವರ ಬಗ್ಗೆ ಬರೆಯಬೇಕೆಂದು ಕೂರುತ್ತೇನೆ. ಒಂದು ಸಾಲು ಬರೆದ ಮೇಲೆ ಎದ್ದು ಹೋಗಿ ಗ್ಯಾಸು ಆರಿಸಿದೆನೋ ಇಲ್ಲವೋ ನೋಡಿಕೊಂಡು ಬರುತ್ತೇನೆ. ಮತ್ತೆ ಕೂತು ಆ ಸಾಲನ್ನು ಹೊಡೆದುಹಾಕುತ್ತೇನೆ. ಅವರನ್ನು ಪೂರ್ತಿ ಬರೆಯಲು ನನ್ನಿಂದ ಆಗುವುದಿಲ್ಲ. ಒಂದೇ ಒಂದು ಕೋವಿಯ ವಿಷಯ ಬರೆಯುತ್ತೇನೆ.

ನಾನು ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸ ಮಾಡುತ್ತೇನೆ. ಅಲ್ಲಿ ಉಪಕರಣ ತೊಳೆಯುವುದಕ್ಕೆ ಅಲ್ಟ್ರಾಸೋನಿಕ್ ಮಿಷನ್ ಅಂತ ಇದೆ. ನೋಡಲು ಮುಚ್ಚಳವಿರುವ ಒಂದು ಸ್ಟೀಲಿನ ತೊಟ್ಟಿ, ಅಷ್ಟೆ. ನೀರು ತುಂಬಿ, ಸೋಪಿನ ದ್ರವ ಬೆರೆಸಿ, ಗುಂಡಿ ಒತ್ತಿದರೆ ನೀರು ಒಳಗೊಳಗೇ ನಡುಗಿ, ಬ್ರಷ್ಷು ಹೋಗದ ಸಂದಿಗಳಿಂದಲೂ ಕೊಳೆಯನ್ನು ಕಿತ್ತು ತರುತ್ತದೆ. ಡಾಕ್ಟರು ಹೊಸ ಮಿಷನ್ ತರಿಸಿದಾಗ ಹಳೆಯದನ್ನು ನನಗೇ ಕೊಟ್ಟರು. ನಾನು ಅದನ್ನು ಅಂಗಡಿಗೆ ಹೊತ್ತುಕೊಂಡು ಹೋದೆ.

"ಹಲ್ಲು ತೊಳೆಯೋ ಮಿಷನ್ನಾ? ನನ್ ಕೋವಿಗೇನು ಹುಳುಕು ಹಿಡ್ದದಾ?" ಅಂದರು ಯಜಮಾನರು.

"ಒಂದ್ಸಲ ಹಾಕಿ ನೋಡಿ."

"ನೊಣ ಸಿಗಾಕೊಂಡಂಗೆ ಗುಂಯ್ ಅಂತದಲ್ಲ ಇದು."

ಇಪ್ಪತ್ತು ವರ್ಷದಿಂದ ಸೀಮೆಎಣ್ಣೆ, ಹಳೇ ಟೂತ್‌ಬ್ರಷ್ಷು, ಬಟ್ಟೆ ಸುತ್ತಿದ ಕಡ್ಡಿಗಳಲ್ಲೇ ಕೆಲಸ ಮಾಡಿದವರು ಅವರು. ಆ ದಿನ ಮಸಿ ಕಟ್ಟಿದ್ದ ಒಂದು ಕುದುರೆಯನ್ನು, ಅಂದರೆ ಗುಂಡಿನ ತೋಟೆಯ ಮೇಲೆ ಬಡಿಯುವ ಕೋವಿಯ ಭಾಗವನ್ನು, ಟೀ ಜಾಲರಿಯಲ್ಲಿಟ್ಟು ನೀರಿಗೆ ಇಳಿಸಿದರು. ಗುಂಡಿ ಒತ್ತಿದೊಡನೆ ಅದರ ಸಂದಿಗಳಿಂದ ಕರಿ ಹೊಗೆಯ ಹಾಗೆ ಮಸಿ ಎದ್ದಿತು. ಅವರು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಲೇ ನಿಂತರು. ನನ್ನ ಕಡೆ ತಿರುಗಲಿಲ್ಲ. ಮಾರನೆಯ ದಿನದಿಂದ ಮಿಷನ್ ಬೆಂಚಿನ ಮೇಲೇ ಇತ್ತು.

ಕೊಡಗಿನ ಗಿರಾಕಿಯೊಬ್ಬರು ಆಯುಧ ಪೂಜೆಯ ಹಬ್ಬಕ್ಕೆ ಮುಂಚೆ ತಮ್ಮ ತಾತನ ಕಾಲದ ಖಾಲಿ ಹಿತ್ತಾಳೆ ತೋಟೆಗಳನ್ನು ಕಳಿಸುತ್ತಿದ್ದರು. ಕೋವಿಯ ಜೊತೆ ಪೂಜೆಗೆ ಇಡುವುದಕ್ಕೆ. ಹಿತ್ತಾಳೆ ಬೆಳಗುವುದು ನನಗೆ ಗೊತ್ತಿಲ್ಲವೆ ಅಂತ ನಾನೇ ನೀರಿಗೆ ಹುಣಸೆಹಣ್ಣು ಕಿವುಚಿ ಹಾಕಿದೆ. ಮಿಷನ್ ನಿಂತಾಗ ತೋಟೆಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಯಜಮಾನರು ಒಂದನ್ನು ಬೆಳಕಿಗೆ ಹಿಡಿದು, "ಚೆನ್ನಾಗದೆ. ಇನ್ನು ಒಗ್ಗರಣೆ ಹಾಕ್ಬುಡು," ಅಂದರು. ಸಂಜೆಯವರೆಗೆ ಕೂತು ಅಷ್ಟನ್ನೂ ಬಟ್ಟೆಯಲ್ಲಿ ಉಜ್ಜಿ ಹಳದಿಗೆ ತಂದರು. ಗಿರಾಕಿಗೂ ನಡೆದದ್ದನ್ನು ಹೇಳಿಯೇ ಕೊಟ್ಟರು.

ಆ ಮಿಷನ್ ವಿಷಯದಲ್ಲಿ ಅವರಿಗೆ ಎರಡು ಕಟ್ಟುನಿಟ್ಟು ಇದ್ದವು. ಮದ್ದು ತುಂಬಿದ ತೋಟೆ ಅದರ ಹತ್ತಿರವೂ ಬರಬಾರದು. ಇನ್ನೊಂದು, ನೀರಿನಿಂದ ತೆಗೆದ ಕಬ್ಬಿಣ ಒಂದು ಗಳಿಗೆಯೂ ಹಾಗೇ ಇರಬಾರದು. ಮಿಷನ್ ಕೊಳೆಯ ಜೊತೆಗೆ ಹಳೆಯ ಎಣ್ಣೆಯನ್ನೂ ಕಿತ್ತುಹಾಕುತ್ತದೆ. ಬಿಸಿನೀರಲ್ಲಿ ಜಾಲಿಸಿ, ಒರೆಸಿ, ಕೂಡಲೇ ಎಣ್ಣೆ ಹಚ್ಚಬೇಕು. "ಎಣ್ಣೆ ಬೀಳೋವರ್ಗೂ ಕಬ್ಬಿಣ ಬೆತ್ತಲೆ ಕಣೆ," ಅನ್ನುತ್ತಿದ್ದರು. ಹತ್ತು ನಿಮಿಷಕ್ಕಿಟ್ಟರೆ ಹತ್ತು ನಿಮಿಷಕ್ಕೇ ತೆಗೆಯುತ್ತಿದ್ದರು. ಗಿರಾಕಿಯ ಒಂದು ತಿರುಪನ್ನೂ ಅವರು ಕೆಡಿಸಿದ್ದು ನಾನು ಕಂಡಿಲ್ಲ.

ಆ ಸೋಮವಾರ ಬೆಳಿಗ್ಗೆ ವೀರನಹೊಸಹಳ್ಳಿ ಕಡೆಯ ಒಬ್ಬ ರೈತನ ಒಂಟಿ ನಳಿಗೆಯ ಕೋವಿಯನ್ನು ಬಿಚ್ಚುತ್ತೇನೆಂದು ಹೇಳಿ ಮನೆಯಿಂದ ಹೊರಟರು. ಹನ್ನೊಂದು ಗಂಟೆಗೆ ಅಂಗಡಿಯ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಮೈದುನ ಓಡಿಹೋಗಿ ಅಂಗಡಿಯ ಶೆಟರು ಎಳೆದು ಬೀಗ ಹಾಕಿ, ಕೀಲಿಕೈಯನ್ನು ನನ್ನ ಕೈಗೆ ತಂದಿಟ್ಟ. ನಾನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಠಾಣೆಯಿಂದ ಒಬ್ಬರು ಬಂದು, ಕಾರ್ಯ ಮುಗಿದ ಮೇಲೆ ಅಂಗಡಿಯ ಕೋವಿಗಳನ್ನೆಲ್ಲ ವಾರಸುದಾರರಿಗೆ ಮುಟ್ಟಿಸಬೇಕೆಂದು ಹೇಳಿ ಹೋದರು.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಹೋಟೆಲಿನವನು ಮನೆಗೆ ಬಂದ. ಚಪ್ಪಲಿ ಬಿಟ್ಟು ಜಗುಲಿಯ ತುದಿಯಲ್ಲಿ ಕೂತ.

"ಮಿಷನ್ ಆಕ್ಬುಟ್ಟು ಬಂದಿವ್ನಿ, ಬಿರ್ನೆ ಟೀ ಕೊಡಪ್ಪ ಅಂದ್ರು ಕಣಕ್ಕ," ಅಂದ. "ನಾನೇ ಒಸಿ ತಡ ಮಾಡ್ದೆ. ಹಾಲು ಕಾಯ್ಸ್ತಿದ್ದೆ."

ಅವನು ಟೀಗೆ ತಡ ಮಾಡಿದ್ದಕ್ಕೆ ಅಳುತ್ತಿದ್ದ. ನಾನು ಇನ್ನೊಂದನ್ನು ಕೇಳಿಸಿಕೊಂಡಿದ್ದೆ. ಕೋವಿಯ ಭಾಗಗಳು ನೀರಿನಲ್ಲೇ ಇವೆ. ಮಿಷನ್ ತಾನಾಗಿ ನಿಂತಿರುತ್ತದೆ, ನೀರು ತಣ್ಣಗಾಗಿರುತ್ತದೆ. ಕಬ್ಬಿಣ ಎಣ್ಣೆಯಿಲ್ಲದೆ ಅದರೊಳಗೆ ಮುಳುಗಿ ಕೂತಿದೆ, ಮೂರು ದಿನದಿಂದ.

ಅತ್ತೆಯ ಹತ್ತಿರ ಹೋಗಿ, "ಅಂಗಡಿ ಬಾಗಿಲು ಒಂದ್ಸಲ ತೆಗೀಬೇಕಿತ್ತು," ಅಂದೆ.

"ಸೂತಕದಲ್ಲಿ ಆಯುಧ ಮುಟ್ತಾರೇನವ್ವ? ಗಂಡನ ಕಳ್ಕಂಡು ಅಂಗಡಿ ಬಾಗ್ಲು ತೆಗ್ದ್ಲು ಅಂತಾರೆ. ಕೂತ್ಕೊ."

ನೀರಿನ ವಿಷಯ ನಾನು ಹೇಳಲೇ ಇಲ್ಲ. ಹೇಳಿದ್ದರೆ ಅತ್ತೆ ಕೇಳುತ್ತಿದ್ದರು, ಅಷ್ಟು ಬುದ್ಧಿ ಅವರಿಗಿದೆ. ಸೂತಕವಿಲ್ಲದ ಒಬ್ಬರಿಗೆ ಕೀಲಿಕೈ ಕೊಟ್ಟಿದ್ದರೂ ಆಗುತ್ತಿತ್ತು. ಸಾಲಿಗ್ರಾಮದಲ್ಲಿ ಯಜಮಾನರಿಗೆ ಕೆಲಸ ಕಲಿಸಿದ ಮೇಸ್ತ್ರಿ ಇದ್ದಾರೆ, ಅವರಿಗೂ ಲೈಸೆನ್ಸ್ ಇದೆ, ಫೋನ್ ಮಾಡಿದ್ದರೆ ಅರ್ಧ ದಿನದಲ್ಲಿ ಬರುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ.

ಯಾಕೆ ಅಂತ ಈಗಲೂ ಕೇಳಿಕೊಳ್ಳುತ್ತೇನೆ. ಅವರು ಕೈ ಹಾಕಿದ ಕೆಲಸ ಅದೊಂದು ಇನ್ನೂ ಅರ್ಧದಲ್ಲಿತ್ತು. ನೀರಿನಿಂದ ತೆಗೆದರೆ ಅದೂ ಮುಗಿಯುತ್ತಿತ್ತು. ಇಷ್ಟೇ ಕಾರಣವೋ, ಇನ್ನೇನಾದರೂ ಇತ್ತೋ, ನನಗೆ ಗೊತ್ತಿಲ್ಲ.

ಕೂತಲ್ಲಿ ಕೂರಲು ಮಾತ್ರ ಆಗಲಿಲ್ಲ. ಬಂದವರು ಕೈ ಹಿಡಿದುಕೊಂಡು ಅಳುವಾಗ ನನ್ನ ಇನ್ನೊಂದು ಕೈ ಸೊಂಟದ ಕೀಲಿಕೈ ಮೇಲಿರುತ್ತಿತ್ತು. ಹಿತ್ತಲಿಗೆ ಹೋಗುವುದು, ಒಳಗೆ ಬರುವುದು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು. ನಾದಿನಿ ಒಂದು ಸಲ, "ಅತ್ತಿಗೆ, ನಿಮ್ಮ ಕಾಲಿಗೆ ಚಕ್ರ ಕಟ್ಟದಾ? ನೋಡ್ತಾ ನಮ್ಗೆ ತಲೆ ಸುತ್ತದೆ," ಅಂದಳು. ನೆಲ ಸಾರಿಸುವಾಗ ಬಕೆಟ್ಟಿನ ನೀರು ಕಂಡರೂ ಬಟ್ಟೆ ಅಲ್ಲೇ ಬಿಟ್ಟು ಎದ್ದುಹೋಗುತ್ತಿದ್ದೆ. ನಾಲ್ಕು ದಿನ, ಐದು ದಿನ ಅಂತ ಎಣಿಸಿದೆ. ಮನೆಯವರು ಹನ್ನೊಂದನೆಯ ದಿನದ ಕಾರ್ಯಕ್ಕೆ ಎಣಿಸುತ್ತಿದ್ದರು. ನಾನು ಎಣಿಸಿದ್ದು ಆ ಕಬ್ಬಿಣಕ್ಕೆ.

ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬಂದರು. ನಾನೇ ಬರಹೇಳಿದ್ದೆ. ಇಬ್ಬರೂ ಅಂಗಡಿಗೆ ಹೋಗಿ ಶೆಟರು ಎತ್ತಿದೆವು. ರಿಪೇರಿ ಆಗಿದ್ದ ಎರಡು ಕೋವಿಗಳು ಪೆಟ್ಟಿಗೆಯಲ್ಲಿ ಸರಿಯಾಗಿದ್ದವು. ಮೂರನೆಯದರ ನಳಿಗೆ, ಮರದ ಹಿಡಿ ಕೂಡ ಅಲ್ಲೇ ಇದ್ದವು. ಮೇಸ್ತ್ರಿ ಮಿಷನ್ ಮುಚ್ಚಳ ತೆಗೆದರು. ನೀರು ಕಾವಿಯ ಬಣ್ಣಕ್ಕೆ ತಿರುಗಿ ತಳದಲ್ಲಿ ಕೆಸರು ನಿಂತಿತ್ತು. ಜಾಲರಿ ಎತ್ತಿದಾಗ ಅದರಲ್ಲಿದ್ದ ಕುದುರೆ, ತಿರುಪುಗಳು, ಸ್ಪ್ರಿಂಗು ಎಲ್ಲಕ್ಕೂ ಒಂದೇ ಬಣ್ಣ.

"ಇದೇನ್ಮಗ ಇದು," ಅಂದರು ಮೆಲ್ಲಗೆ.

ನಾನು ನಡೆದದ್ದನ್ನು ಹೇಳಿದೆ. ಮೂರನೆಯ ದಿನವೇ ನನಗೆ ಗೊತ್ತಾಗಿತ್ತು ಅನ್ನುವುದನ್ನೂ ಹೇಳಿದೆ. ಅವರು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಂದೊಂದಾಗಿ ಒರೆಸುತ್ತಾ ಕೂತರು. ಕುದುರೆ ಉಳಿಯುತ್ತದೆ ಅಂದರು. ಸ್ಪ್ರಿಂಗನ್ನು ಇಕ್ಕಳದ ಹಿಡಿತಕ್ಕೆ ಕೊಟ್ಟು ಒಂದಿಷ್ಟು ಒತ್ತಿದರು. ಅದು ಟಕ್ಕೆಂದು ಎರಡಾಯಿತು.

"ಅಳೇ ಕೋವಿ. ಇದರ ತಿರುಪು ಇದಕ್ಕೇ ಸರಿ, ಅಂಗ್ಡೀಲಿ ಸಿಕ್ಕೋದಲ್ಲ. ಎಲ್ಲಾವ ಅರದಲ್ಲಿ ಉಜ್ಜಿ ಒಸದಾಗಿ ಮಾಡ್ಬೇಕು."

ಅಷ್ಟರಲ್ಲಿ ಕೋವಿಯ ರೈತ ಬಂದ. ಲೈಸೆನ್ಸ್ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದ.

"ಯಜಮಾನ್ರು ಓದ್ರು ಅಂತ ಕೇಳ್ದೆ ಕಣಕ್ಕ. ಮಣ್ಣಿಗೆ ಬರಕ್ಕಾಗ್ಲಿಲ್ಲ, ಅವತ್ತು ಊರೊಳಕ್ಕೆ ಆನೆ ಬಂದಿತ್ತು," ಅಂದ. ಆಮೇಲೆ ಬೆಂಚಿನ ಮೇಲೆ ಕಣ್ಣು ಬಿತ್ತು. "ಇದು ನಂದಾ?"

"ಕೂತ್ಕೊ," ಅಂದರು ಮೇಸ್ತ್ರಿ.

"ಕೂತ್ಕಳಕ್ಕೆ ಬಂದಿಲ್ಲ ತಾತ, ಕೋವಿ ಇಸ್ಕೊಂಡೋಗಕ್ಕೆ ಬಂದೆ. ರಾಗಿ ತೆನೆ ಕಟ್ಟದೆ, ಅಂದಿ ಬತ್ತಾವೆ. ಮ್ಯಾಕ್ಕೆ ಒಂದೀಡು ಒಡೆದ್ರೆ ಓಡೋಯ್ತವೆ, ಅಷ್ಟಕ್ಕೇ ನಾನು ಮಡಗಿರೋದು. ಒಸಿ ಮಸಿ ತೆಗೀರಿ ಅಂತ ಕೊಟ್ರೆ ಗುಜರಿಗೆ ಆಕೋ ಸಾಮಾನು ಮಾಡಿ ಕೊಡ್ತಾ ಇದೀರಲ್ಲ."

ಮೇಸ್ತ್ರಿ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಅವನ ಕಡೆ ತಿರುಗಿ, "ಸಾಯೋನಿಗೆ ಏನ್ ಗ್ಯಾನ ಇರ್ತದಪ್ಪ. ನೀರಿಗಾಕಿ ಮರ್ತ್ಬುಟ್ಟವ್ನೆ. ನಾ ಮಾಡ್ಕೊಡ್ತೀನಿ ಬುಡು," ಅಂದರು.

ನನ್ನ ಮೇಲಿನ ಕರುಣೆಗೆ ಹಾಗೆ ಹೇಳಿದರು. ರೈತನ ದನಿಯೂ ಇಳಿಯಿತು.

"ಮರ್ತ್ಬುಟ್ರಾ. ಓಗ್ಲಿ ಬುಡಿ, ಪಾಪ. ಕಡೇಲಿ ಕೈ ಸೋತಿತ್ತೇನೋ. ನಮ್ಮೂರೋರು ಒಳ್ಳೆ ಕೆಲ್ಸಗಾರ ಅಂತಿದ್ರು, ಇಂಗಾಗಿದ್ದು ಯಾರ್ಗೂ ಗೊತ್ತಿಲ್ಲ ಅಂತ ಕಾಣ್ತದೆ."

ಸುಮ್ಮನಿದ್ದರೆ ಆಗುತ್ತಿತ್ತು. ಅವನು ಕೋಪವಿಲ್ಲದೆ ಹೋಗುತ್ತಿದ್ದ, ಮೇಸ್ತ್ರಿ ಬಾಯಿ ಬಿಡುತ್ತಿರಲಿಲ್ಲ. ಊರಿಗೆ ಹೋಗಿ ಅವನು, ಪಿರಿಯಾಪಟ್ಟಣದವರಿಗೆ ಕಡೆಕಡೆಗೆ ಕೈ ಸೋತಿತ್ತು ಅನ್ನುತ್ತಿದ್ದ. ಕೇಳಿದವರು ಇನ್ನೊಬ್ಬರಿಗೆ ಅನ್ನುತ್ತಿದ್ದರು. ಇಲ್ಲ ಅನ್ನುವುದಕ್ಕೆ ಅವರು ಇರಲಿಲ್ಲ. ಶೆಟರಿನವರೆಗೆ ಹೋಗಿ ವಾಪಸು ಬಂದೆ.

"ಅವ್ರು ಮರೀಲಿಲ್ಲ," ಅಂದೆ. "ಹತ್ತು ನಿಮಿಷಕ್ಕೆ ಅಂತ ಇಟ್ಟು ಟೀ ಕುಡಿಯಕ್ಕೆ ಹೋಗಿದ್ರು. ಅಲ್ಲೇ ಹೋಗ್ಬುಟ್ರು. ನೀರಲ್ಲದೆ ಅಂತ ಮೂರನೇ ದಿನ ನಂಗೆ ಗೊತ್ತಾಯ್ತು. ಬೀಗದ ಕೈ ನನ್ನ ಹತ್ರಾನೇ ಇತ್ತು."

"ಗೊತ್ತಿತ್ತಾ? ಮತ್ತೆ ಬೀಗ ತೆಗ್ಯಕ್ಕೇನಾಗಿತ್ತಕ್ಕ?"

"ಸೂತಕ ಇತ್ತು."

"ಸೂತಕ ನಿಮ್ಗಲ್ವಾ? ನನ್ ಕೋವಿಗಾ?"

ಮೇಸ್ತ್ರಿ, "ಏಯ್," ಅಂದರು. ಅವನು ನಿಲ್ಲಿಸಲಿಲ್ಲ.

"ನಂಗೊಂದು ಫೋನ್ ಮಾಡಿದ್ರೆ ನಾನೇ ಬಂದು ತೆಗೀತಿದ್ನಲ್ಲ. ನಂಗ್ಯಾವ ಸೂತಕ? ನಮ್ಮಪ್ಪನ ಕಾಲದ್ದು ಕಣಕ್ಕ ಇದು."

ಅವನು ಮುರಿದ ಸ್ಪ್ರಿಂಗಿನ ಒಂದು ತುಂಡನ್ನು ತೆಗೆದು ತಿರುಗಿಸಿ ನೋಡಿ ಮತ್ತೆ ಬೆಂಚಿನ ಮೇಲಿಟ್ಟ.

"ಊರಲ್ಲಿ ಕೇಳ್ತಾರೆ. ಏನಂತ ಏಳ್ಲಿ?"

"ಅವ್ರ ಹೆಂಡ್ತಿ ಕೆಡಿಸಿದ್ಲು ಅಂತ ಹೇಳಿ."

"ಏಳ್ತೀನಿ. ನಾನೇನು ಮುಚ್ಚಿಕ್ಕೋನಲ್ಲ."

"ಮುಚ್ಚಿಡ್ಬ್ಯಾಡಿ. ಅವ್ರು ಕೆಡಿಸ್ಲಿಲ್ಲ ಅಂತಾನೂ ಹೇಳಿ."

ಅವನು ತಲೆ ಆಡಿಸಿದನೋ ಇಲ್ಲವೋ ನಾನು ನೋಡಲಿಲ್ಲ. ಯಾವಾಗ ಆಗುತ್ತದೆಂದು ಮೇಸ್ತ್ರಿಯನ್ನು ಕೇಳಿ ತಿಳಿದುಕೊಂಡು, ನನಗೆ ಹೇಳದೆ ಹೊರಟುಹೋದ.

ಮೇಸ್ತ್ರಿ ಠಾಣೆಗೆ ತಿಳಿಸಿ ಕೋವಿಯನ್ನು ಸಾಲಿಗ್ರಾಮಕ್ಕೆ ತೆಗೆದುಕೊಂಡು ಹೋದರು. ಸ್ಪ್ರಿಂಗು, ತಿರುಪು ಮಾಡಿ ಮುಗಿಸಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಆ ರೈತ ಡಬ್ಬ ಬಡಿದುಕೊಂಡು ಹೊಲ ಕಾದನಂತೆ. ಒಂದು ಮೂಲೆಯ ರಾಗಿಯನ್ನು ಹಂದಿ ತಿಂದುಹೋದವು ಅಂತ ಮೇಸ್ತ್ರಿಯೇ ಫೋನಿನಲ್ಲಿ ಹೇಳಿದರು. ನಿನಗೆ ಹೇಳಬಾರದು ಅಂತಿದ್ದೆ ಅಂದರು. ನಾನು ಅವತ್ತು ಕೆಲಸಕ್ಕೆ ಹೋಗಿ ಎರಡು ಸಲ ಕೈಯಿಂದ ಟ್ರೇ ಬೀಳಿಸಿದೆ.

ಅಂಗಡಿ ಮುಚ್ಚಿದೆವು. ಲೈಸೆನ್ಸ್ ಹಿಂದಿರುಗಿಸಿದ ಮೇಲೂ ಕಾಗದ ಪತ್ರದ ಓಡಾಟ ಮುಗಿಯಲಿಲ್ಲ. ಅದರದ್ದೇ ಕೆಲಸಕ್ಕೆ ಹೋದ ತಿಂಗಳು ಹುಣಸೂರಿಗೆ ಹೋಗಿದ್ದೆ. ವಾಪಸು ಬರಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನ ಕಲ್ಲುಬೆಂಚಿನ ಮೇಲೆ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಒಬ್ಬ ತನ್ನ ಕೋವಿಯ ಕುದುರೆ ಸಡಿಲವಾಗಿದೆ, ಎಲ್ಲಿಗೆ ಕೊಡುವುದು ಅಂತ ಕೇಳುತ್ತಿದ್ದ.

"ಪಿರಿಯಾಪಟ್ಟಣದೋನು ಇದ್ದಿದ್ರೆ ಯೋಚ್ನೇನೇ ಇರ್ಲಿಲ್ಲ," ಅಂದ ಇನ್ನೊಬ್ಬ. "ಸತ್ತೋದ ಕಣ್ಲಾ."

"ಅವನೇ ಅಲ್ವಾ ನಿಮ್ಮೂರೋನ ಕೋವಿ ತುಕ್ಕಿಡ್ಸಿದ್ದು?"

"ಅವನಲ್ಲ ಕಣ್ಲಾ. ಅವನ ಕೈಲಿ ಒಂದ್ ತಿರುಪೂ ಕೆಟ್ಟಿಲ್ಲ. ಎಂಡ್ತಿ ಮಾಡಿದ್ದು ಆ ಕ್ಯಾಮೆಯ. ಗೊತ್ತಿದ್ದೂ ನೀರಲ್ಲಿ ಬುಟ್ಟಿದ್ಲಂತೆ."

"ಎಂತಾ ಎಂಗ್ಸಪ್ಪ."

ಅಷ್ಟರಲ್ಲಿ ಪಿರಿಯಾಪಟ್ಟಣದ ಬಸ್ಸು ಬಂತು. ಕಂಡಕ್ಟರು ಕೂಗಿದರು, ಜನ ನುಗ್ಗಿದರು. ನಾನು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಅವರ ಕಡೆ ತಿರುಗದೆ, ಇದ್ದ ಜಾಗದಲ್ಲೇ ನಿಂತೆ. ಎಂದೂ ನಿಂತಲ್ಲಿ ನಿಲ್ಲದವಳು ಆ ಬಸ್ಸು ಹೋಗಲಿ ಅಂತ ಬಿಟ್ಟೆ. ಅವನ ಕೈಲಿ ಒಂದು ತಿರುಪೂ ಕೆಟ್ಟಿಲ್ಲ ಅಂತ ಆ ಮನುಷ್ಯ ಇನ್ನೊಂದು ಸಲ ಹೇಳಬಹುದು ಅಂತ ಕಾದೆ.