ದೊಡ್ಡವ್ವನ ಇದ್ದಿಲು ಚೀಲ

ನಮ್ಮ ಬೀದಿಯ ಇಸ್ತ್ರಿ ಗಾಡಿಯವನೂ ಕೊನೆಗೆ ಗ್ಯಾಸಿಗೆ ಬಂದ. ಮೊನ್ನೆ ಸೀರೆ ತರಲು ಹೋದಾಗ ನೋಡುತ್ತೇನೆ, ಗಾಡಿಯ ಕೆಳಗೆ ಪುಟ್ಟ ಸಿಲಿಂಡರು, ಅಲ್ಲಿಂದ ಇಸ್ತ್ರಿ ಪೆಟ್ಟಿಗೆಗೆ ಒಂದು ಪೈಪು. "ಇದ್ದಿಲು ಈಗ ಎಲ್ಲಿ ಸಿಗುತ್ತೆ ಮೇಡಂ, ಕೈಯೆಲ್ಲ ಮಸಿ ಬೇರೆ" ಎಂದ. ನ್ಯಾಯವೇ. ಇಷ್ಟು ವರ್ಷ ಕಿಡಿ ಬಿದ್ದು ಸೀರೆ ತೂತಾದಾಗಲೆಲ್ಲ ಅವನಿಗೆ ಸಹಸ್ರನಾಮ ಮಾಡಿದವಳು ನಾನೇ. ಆದರೂ ಇಲ್ಲದ ವಾಸನೆಯನ್ನು ಹುಡುಕಿಕೊಂಡು ಮೂಗು ಅರಳಿಸಿ ನಿಂತೆ. ಅವನು ನನ್ನನ್ನು ಒಂಥರಾ ನೋಡಿ, "ಇನ್ನೊಂದೇ ಸೀರೆ, ಆಗೋಯ್ತು" ಎಂದ.

ಅಷ್ಟರಲ್ಲಿ ಫೋನು. ರಾಮನಗರದಿಂದ ಮಾದೇಶ, ನನ್ನ ದೊಡ್ಡಪ್ಪನ ಮಗ, ನನಗಿಂತ ಚಿಕ್ಕವನು.

"ಅಕ್ಕಾ, ಹಿತ್ಲಲ್ಲಿ ಬಾರ್ಬೆಕ್ಯೂ ಇಡಿಸ್ತಾ ಇವ್ನಿ ಕಣಕ್ಕಾ. ಭಾನ್ವಾರ ಎಲ್ರೂ ಸೇರ್ಕಂಡು ಸುಟ್ಕಂಡ್ ತಿನ್ನಾಕೆ. ಗ್ಯಾಸಿಂದು ತಕ್ಕಳ್ಳನಾ, ಇದ್ಲಿಂದು ತಕ್ಕಳ್ಳನಾ? ನೀನೇ ಹೇಳು."

ಈ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಲಿ, ಇವನೊಬ್ಬ ಕೇಳಬಾರದಿತ್ತು. ಯಾಕೆಂದು ಹೇಳುತ್ತೇನೆ. ಸೀರೆ ಇನ್ನೂ ಇಸ್ತ್ರಿಯಾಗುತ್ತಿದೆ, ನಿಮಗೂ ಪುರುಸೊತ್ತಿದ್ದರೆ ನನ್ನ ಜೊತೆ ಇಲ್ಲೇ ನಿಲ್ಲಿ.

ನಮ್ಮ ದೊಡ್ಡಪ್ಪನಿಗೆ ಕೆಂಡದಲ್ಲಿ ಸುಟ್ಟ ಈಲಿ ಎಂದರೆ ಪ್ರಾಣ. ಪೇಟೆಯವರು ಲಿವರ್ ಅನ್ನುತ್ತಾರಲ್ಲ, ಅದು. ಹೊಲದ ಬಾವಿಯ ಪಕ್ಕ ಒಂದು ಹುಣಸೆಮರವಿತ್ತು. ಮನೆಯಲ್ಲಿ ಮರಿ ಕಡಿದ ದಿನ ದೊಡ್ಡವ್ವ ಆ ಮರದಡಿ ಕೆಂಡ ಹರಡಿ, ಈಲಿಯ ತುಂಡುಗಳನ್ನು ಕಡ್ಡಿಗೆ ಚುಚ್ಚಿ, ಉಪ್ಪು ಸವರಿ ಸುಡುತ್ತಿದ್ದಳು. ಮಸಾಲೆ ಗಿಸಾಲೆ ಏನೂ ಇಲ್ಲ. ಸುಡುವಾಗ ಬಾಯಿ ತುಂಬ ಬಯ್ಗುಳ: "ಹೊತ್ತಾರೆಯಿಂದ ಇದ್ಕೇ ಕಾಯ್ಕಂಡ್ ಕುಂತವ್ನೆ ನೋಡು, ಬಸುರಿ ಹೆಂಗ್ಸ್‌ನಂಗೆ!" ದೊಡ್ಡಪ್ಪ ನಗುತ್ತ ಕೈ ಚಾಚುತ್ತಿದ್ದ. ದೊಡ್ಡವ್ವ ಅದನ್ನು ಒಂದು ದಿನವೂ ಬಾಯಿಗಿಟ್ಟವಳಲ್ಲ, ಅವಳಿಗೆ ಆ ವಾಸನೆಯೇ ಆಗುತ್ತಿರಲಿಲ್ಲ. ನಾವು ಮಕ್ಕಳು ಮಾತ್ರ ಸುತ್ತ ಕೂತು ಜೊಲ್ಲು ಸುರಿಸುತ್ತಿದ್ದೆವು, ಅದರಲ್ಲೂ ನಾನು ನಾಚಿಕೆ ಬಿಟ್ಟು.

ದೊಡ್ಡಪ್ಪ ಹೋದ ಮೇಲೆ ಪ್ರತಿ ವರ್ಷ ಪಿತೃಪಕ್ಷದಲ್ಲಿ ಅವನ ಎಡೆಗೆ ಆ ತುಂಡು ಇರಲೇಬೇಕು. ನಮ್ಮ ಕಡೆ ಸತ್ತವರಿಗೆ ಏನು ಇಷ್ಟವೋ ಅದನ್ನೇ ಬಾಳೆಲೆಗೆ ಬಡಿಸುತ್ತಾರೆ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬಾಗಿಲು ಹಾಕಿಕೊಂಡು ಒಂದಷ್ಟು ಹೊತ್ತು ಆಚೆ ಕೂರುತ್ತಾರೆ. ಅವರು ಬಂದು ಉಣ್ಣಲಿ ಅಂತ. ಉಣ್ಣುತ್ತಾರೋ ಇಲ್ಲವೋ, ಆಚೆ ಕೂತವರು ಆಗ ಗಟ್ಟಿಯಾಗಿ ಮಾತಾಡುವುದಿಲ್ಲ.

ಆಮೇಲೆ ಕಾರ್ಖಾನೆ ಬಂತು. ಊರ ಮುಂದಿನ ಹಿಪ್ಪುನೇರಳೆ ತೋಟಗಳು, ರಾಗಿ ಹೊಲಗಳು ಒಂದೊಂದಾಗಿ ತಂತಿಬೇಲಿಯ ಒಳಕ್ಕೆ ಹೋದವು. ನಮ್ಮದೂ ಹೋಯಿತು. ಬದಲಿಗೆ ಮಾದೇಶನಿಗೆ ಅಲ್ಲೇ ಕೆಲಸ, ಜೇಬಿನ ಮೇಲೆ ಕಂಪನಿ ಹೆಸರು ಹೊಲಿದ ನೀಲಿ ಯೂನಿಫಾರಂ. ಅಪ್ಪ ಉಳುತ್ತಿದ್ದ ನೆಲದ ಮೇಲೆ ಮಗ ಶಿಫ್ಟು ಮಾಡತೊಡಗಿದ. ಅದರಲ್ಲಿ ಅವನ ತಪ್ಪೇನೂ ಇಲ್ಲ ಬಿಡಿ, ಊರಿಗೆ ಊರೇ ಕಂಪನಿಯ ಬಸ್ಸು ಹತ್ತಿತ್ತು.

ಬುಲ್ಡೋಜರ್ ಹುಣಸೆಮರವನ್ನು ಬೀಳಿಸಿದ ದಿನ ದೊಡ್ಡವ್ವ ಅಳಲಿಲ್ಲ. ಮಚ್ಚು ತೆಗೆದುಕೊಂಡು ಹೋಗಿ ಕೈಗೆ ಸಿಕ್ಕ ಕೊಂಬೆಗಳನ್ನೆಲ್ಲ ಕಡಿದು, ಅಲ್ಲೇ ಗುಂಡಿಯಲ್ಲಿ ಹಾಕಿ ಉರಿಸಿ, ಮೇಲೆ ಮಣ್ಣು ಮುಚ್ಚಿ ಇದ್ದಿಲು ಮಾಡಿದಳು. ಮೇಸ್ತ್ರಿ ಬಂದು ಗದರಿದರೆ, "ನಿಂದೇನ್ ಹೋಯ್ತದಪ್ಪಾ, ನಮ್ ಮರದ ಬೂದಿನಾರ ನಂಗ್ ಬುಡು" ಅಂದಳಂತೆ. ಹೀಗೆ ಆದದ್ದು ಒಂದು ಗೋಣಿಚೀಲ ಇದ್ದಿಲು.

ಆ ಚೀಲ ಅವಳ ಜೊತೆ ಮಾದೇಶನ ಹೊಸ ಮನೆಗೆ ಬಂತು. ಆ ಮನೆಯಲ್ಲಿ ಕಾಲಿಟ್ಟರೆ ಜಾರುವ ನೆಲ. ಹಿತ್ತಲಿಗೂ ಸಿಮೆಂಟು. ಅಡುಗೆಗೆ ಗ್ಯಾಸು. ಹೊಗೆ ಎದ್ದರೆ ಬಣ್ಣ ಹಾಳು ಅಂತ ಒಲೆ ಬೇಡವಾಯಿತು, ಒಪ್ಪಿದಳು. ಹಸು ಬೇಡವಾಯಿತು, ಅದಕ್ಕೂ ಒಪ್ಪಿದಳು. ಆದರೆ ವರ್ಷಕ್ಕೊಮ್ಮೆ, ಪಕ್ಷದ ದಿನ, ಹಿತ್ತಲ ಮೂಲೆಯಲ್ಲಿ ಒಂದು ಮುರುಕು ಬಾಣಲೆಗೆ ಒಂದು ಹಿಡಿ ಇದ್ದಿಲು ಹಾಕಿ ಗಂಡನ ಪಾಲಿನ ತುಂಡು ಸುಡುವುದನ್ನು ಮಾತ್ರ ಬಿಡಲಿಲ್ಲ. ಉಳಿದ ಕೆಂಡಕ್ಕೆ ನೀರು ಚಿಮುಕಿಸಿ, ಒಣಗಿಸಿ, ತಿರುಗಿ ಚೀಲಕ್ಕೆ. ನಾನು ತಮಾಷೆಗೆ, "ಏನ್ ದೊಡ್ಡವ್ವ, ಚಿನ್ನಾನಾ ಇದು?" ಅಂದಿದ್ದಕ್ಕೆ, "ನಾ ಕಣ್ ಮುಚ್ಚೋಗಂಟ ಬಂದ್ರೆ ಸಾಕು ಕಣವ್ವ. ಆಮ್ಯಾಕೆ ನಾನೇ ಅವ್ನತ್ರ ಇರ್ತೀನಲ್ಲ" ಅಂದಳು.

ಅವಳು ಕಣ್ಣು ಮುಚ್ಚುವವರೆಗೆ ಬರಲಿಲ್ಲ ಅದು.

ಆ ವರ್ಷ ಪಕ್ಷಕ್ಕೆ ನಾನೂ ಹೋಗಿದ್ದೆ. ದೊಡ್ಡವ್ವ ಹಿತ್ತಲಿಗೆ ಹೋದವಳು ಬರಿಗೈಯಲ್ಲಿ ಬಂದಳು. "ಮಾದೇಸಾ, ನನ್ ಇದ್ಲು ಚೀಲ ಎಲ್ಲೈತ್ಲಾ?"

ಅವನು ಟಿವಿಯಿಂದ ಕಣ್ಣು ಕೀಳದೆ, "ಅದಾ? ಹಿತ್ಲೆಲ್ಲಾ ಕರ್ರಗಾಗಿತ್ತು ಅಂತ ಇಸ್ತ್ರಿಯವ್ನಿಗೆ ಕೊಟ್ಬುಟ್ಟೆ ಕಣವ್ವ. ಗ್ಯಾಸೈತಲ್ಲ, ಅದ್ರಲ್ಲೇ ಸುಡು. ಅಪ್ಪಂಗೇನ್ ಗೊತ್ತಾಯ್ತದಾ?" ಅಂದ.

ದೊಡ್ಡವ್ವ ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ನಾನು ಹಿಂದೆಯೇ ಓಡಿದೆ. ಅವರ ಬೀದಿಯ ಇಸ್ತ್ರಿಯವನು ಪಾಪ ಒಳ್ಳೆಯವನು, ಖಾಲಿ ಗೋಣಿಯನ್ನೇ ಕೊಡವಿ ತೋರಿಸಿದ. "ಮುಗ್ದೋಯ್ತಲ್ಲವ್ವಾ! ಏನ್ ಇದ್ಲು ಅಂತೀರಾ, ಅಂಥಾ ಕಾವು ನಾನ್ ಕಂಡೇ ಇಲ್ಲ. ಕಡೇದ್ ಈಗ್ತಾನೆ ಹಾಕ್ದೆ." ಆಮೇಲೆ ಮಡಿಸಿಟ್ಟ ಬಟ್ಟೆಯೊಂದನ್ನು ಎತ್ತಿ ಮುಂದೆ ಹಿಡಿದ. "ಹೆಂಗೂ ಬಂದಿದ್ದೀರಿ. ಮಾದೇಸಣ್ಣನ ಯೂನಿಫಾರಂ ಆಗೈತೆ, ತಕ್ಕಂಡೋಗಿ."

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಆ ನೀಲಿ ಅಂಗಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಆರಿಹೋಗದಂತೆ ಎದೆಗೆ ಅವಚಿಕೊಂಡು ಮನೆಗೆ ನಡೆದಳು. ಎಡೆಯ ಮುಂದೆ, ದೊಡ್ಡಪ್ಪನಿಗೆ ತಂದ ಹೊಸ ಪಂಚೆಯ ಪಕ್ಕ, ಅದನ್ನು ಇಟ್ಟಳು.

"ಅವ್ವೋ, ನನ್ ಯೂನಿಫಾರಂ ಅಲ್ಯಾಕ್ ಮಡಗಿದ್ದೀಯ? ನಾಳೀಕ್ ಡ್ಯೂಟಿ ಐತೆ."

"ನಿಮ್ಮಪ್ಪನ ಮರ ಅದ್ರೊಳ್ಗೇ ಐತೆ ಕಣಪ್ಪ. ಮುಟ್ಟಿ ನೋಡು, ಇನ್ನೂ ಬೆಚ್ಗೈತೆ" ಅಂದಳು ದೊಡ್ಡವ್ವ. ಎಡೆಯ ಬಾಳೆಲೆ ನೇರ ಮಾಡುತ್ತ, "ಇನ್ಮ್ಯಾಕೆ ಈ ಮನೇಲಿ ಎಡೆಗೆ ಸುಟ್ಟಿದ್ ಇಕ್ಬ್ಯಾಡ. ಅವ್ನಿಗೂ ಬ್ಯಾಡ, ನಾಳೆ ನಂಗೂ ಬ್ಯಾಡ" ಅಂದಳು.

ಮಾದೇಶ ತಲೆ ತಗ್ಗಿಸಿ ಕೂತ. ಆ ತಗ್ಗಿದ ತಲೆಯನ್ನು ನಾನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದೆ. ದೊಡ್ಡವ್ವ ಹೋದ ಮೇಲೂ ನೆಂಟರಲ್ಲಿ ಯಾರಾದರೂ ಅವನನ್ನು ಆಡಿಕೊಂಡರೆ, "ಇಲ್ಲ ಕಣ್ರೀ, ಅವನಿಗೂ ಕರುಳು ಚುರುಕ್ ಅಂದಿದೆ, ನಾನು ಕಣ್ಣಾರೆ ಕಂಡಿದ್ದೀನಿ" ಎಂದು ಅವನ ಪರ ವಕಾಲತ್ತು ಮಾಡಿದ್ದೇನೆ. ನನ್ನಂಥ ವಕೀಲರಿಗೆ ಯಾರೂ ಫೀಸು ಕೊಡುವುದಿಲ್ಲ, ಅದೊಂದು ಬೇರೆ.

"ಅಕ್ಕಾ, ಲೈನಲ್ಲಿದ್ದೀಯಾ?" ಎಂದ ಮಾದೇಶ ಫೋನಿನಲ್ಲಿ.

"ಮಾದೇಶ, ದೊಡ್ಡವ್ವನ ಇದ್ದಿಲು ಚೀಲ ಜ್ಞಾಪಕ ಇದೆಯೇನೋ?"

"ಯಾವ್ ಚೀಲ? ಅವ್ವ ಅದೇನೇನೋ ಗಂಟು ಮೂಟೆ ಕಟ್ಟಿ ಮಡಿಕ್ಕಂತಿತ್ತು, ಯಾವ್ದೂಂತ ನೆಪ್ಪಿಟ್ಕಳ್ಳನಕ್ಕಾ?" ಅವನು ನಕ್ಕ. ಸುಳ್ಳು ಹೇಳುವವನ ನಗುವಲ್ಲ, ನಿಜವಾಗಿಯೂ ನೆನಪಿಲ್ಲದವನದು. "ಇದ್ಲಿಂದೇ ತಕ್ಕಂಡ್ರೆ ಇನ್ನೊಂದ್ ಅನುಕೂಲ ನೋಡು. ಈ ಸಲ ಪಕ್ಷಕ್ಕೆ ಅವ್ವಂಗೂ ಒಸಿ ಸುಟ್ಟು ಇಕ್ಬೋದು. ಸುಟ್ಟಿದ್ದು ಅಂದ್ರೆ ಅವ್ವಂಗೆ ಬಲೇ ಆಸೆ ಅಲ್ವಾ?"

ಆವತ್ತು ಅವನು ತಲೆ ತಗ್ಗಿಸಿದ್ದು ಯಾಕೆ ಹಾಗಾದರೆ? ಬಹುಶಃ ನಾಳೆಯ ಡ್ಯೂಟಿಯ ಯೋಚನೆ ಇದ್ದೀತು.

"ಗ್ಯಾಸಿಂದೇ ತಗೋ" ಅಂದೆ.

"ಇದ್ಲಾದ್ರೆ ರುಚಿ ಅಂತಾರಲ್ಲಕ್ಕಾ?"

"ರುಚೀನೇ. ಅದು ನಿನಗೆ ಬೇಡ. ದೊಡ್ಡವ್ವನಿಗೆ ಅನ್ನ ಮೊಸರು ಇಕ್ಕು, ಸಾಕು."

ಫೋನಿಟ್ಟೆ. ಇಸ್ತ್ರಿಯವನು ಸೀರೆ ಕೈಗಿತ್ತ. ಒಂದು ಕಲೆಯಿಲ್ಲ, ಒಂದು ತೂತಿಲ್ಲ, ಗೆರೆ ಹೊಡೆದಂಥ ಮಡಿಕೆ. ಬೆಚ್ಚಗೂ ಇತ್ತು. ಮನೆಯವರೆಗೂ ಅದನ್ನು ಎದೆಗೆ ಅವಚಿಕೊಂಡೇ ಬಂದೆ. ಅದರೊಳಗೆ ಯಾರೂ ಇರಲಿಲ್ಲ.