ಕತ್ತರಿಯಮ್ಮನವರೂ ಮರಳಿ ಬಂದ ಕೌದಿಯೂ

ಪರೋಪಕಾರದ ಬಗ್ಗೆ ಮಾತನಾಡುವವರಿಗೆ ನಮ್ಮ ಲೂಥರನ್ ಸಭೆಯಲ್ಲಿ ಎಂದೂ ಬರಗಾಲವಿರಲಿಲ್ಲ. ಕೂತು ಹೊಲಿಯುವವರಿಗೆ ಮಾತ್ರ ಹುಡುಕಾಡಬೇಕಿತ್ತು. ಮೂರು ದಶಕಗಳಿಗೂ ಮಿಕ್ಕಿ ಸಭೆಯ ಸಹಾಯ ಸಮಿತಿಯನ್ನು ನಡೆಸಿ, ಹತ್ತಿರದವರಿಗೂ ದೂರದವರಿಗೂ ನೆರವಾಗಿ, ಈ ವರ್ಷ ಆ ಹೊಣೆಯನ್ನು ಇಳಿಸುತ್ತಿರುವ ಕತ್ತರಿಯಮ್ಮನವರು ಹೊಲಿಯುವವರ ಸಾಲಿಗೆ ಸೇರಿದವರು. ಹೊಲಿಗೆ ಟೀಚರಾಗಿದ್ದ ಅವರು ಬಟ್ಟೆಯನ್ನೂ, ಸಮಿತಿಯ ಸದಸ್ಯರ ಉದ್ದುದ್ದ ಮಾತನ್ನೂ ಒಂದೇ ಸಲೀಸಿನಲ್ಲಿ ಕತ್ತರಿಸುತ್ತಿದ್ದರು. ಹೆಸರು ಬಂದದ್ದು ಹಾಗೆ. ಅದನ್ನು ಇಟ್ಟವರು ಉದ್ದ ಮಾತಿನವರೇ ಇರಬೇಕು.

ಅವರು ಬಂದಾಗ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಕಾಲು ಮುರಿದ ಬೆಂಚುಗಳೂ ಗಾಯಕವೃಂದದ ಹಳೆಯ ನಿಲುವಂಗಿಗಳೂ ಧೂಳು ತಿನ್ನುತ್ತಿದ್ದವು. ಬೆಂಚುಗಳನ್ನು ಬಡಗಿಗೆ ಕಳಿಸಿ, ನಿಲುವಂಗಿಗಳನ್ನು ಕೌದಿಗೆ ಕತ್ತರಿಸಿ, ಆ ಕೋಣೆಯನ್ನು ಹೊಲಿಗೆಯ ಮನೆ ಮಾಡಿದರು. ಮಂಗಳವಾರಗಳಂದು ಹೆಂಗಸರು ಅಲ್ಲಿ ಸೇರುವುದು, ಮನೆಮನೆಯಿಂದ ಬಂದ ಹಳೆಯ ಪರದೆ, ಮೇಜುಬಟ್ಟೆ, ಫ್ರಾಕು, ಅಂಗಿಗಳನ್ನು ಚೌಕಚೌಕವಾಗಿ ಜೋಡಿಸಿ ಕೌದಿ ಹೊಲಿಯುವುದು, ವರ್ಷಕ್ಕೊಮ್ಮೆ ಅವನ್ನೆಲ್ಲ ಚರ್ಚಿನ ಬೆಂಚುಗಳ ಮೇಲೆ ಹೊದಿಸಿ ಆ ಭಾನುವಾರ ಸಭೆಯೆಲ್ಲ ಅವಕ್ಕೆ ಒರಗಿ ಕೂತು ಪ್ರಾರ್ಥಿಸಿ, ಮರುದಿನ ಪೆಟ್ಟಿಗೆಗೆ ತುಂಬಿ ಯುದ್ಧದಿಂದಲೋ ಭೂಕಂಪದಿಂದಲೋ ಮನೆ ಕಳೆದುಕೊಂಡ ದೂರದ ಜನರಿಗೆ ಕಳಿಸುವುದು, ಇದು ಅವರು ಹಾಕಿಕೊಟ್ಟ ಪದ್ಧತಿ. ಕೌದಿಯ ಮೇಲೆ ಶಿಲುಬೆಯ ಗುರುತು ಕೂಡದು, ಸಭೆಯ ಹೆಸರೂ ಕೂಡದು. ಹೊದೆಯುವವರು ಯಾವ ದೇವರನ್ನು ನಂಬುತ್ತಾರೆಂದು ಚಳಿ ಕೇಳುವುದಿಲ್ಲ ಎಂದು ಅವರ ವಾದ.

ಊರೊಳಗಿನ ಕೆಲಸವನ್ನೂ ಅವರು ಮರೆಯಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರಿಗೆಂದು ಚೀಲಗಳನ್ನು ಸಿದ್ಧಪಡಿಸಿ ತಾವೇ ಹೊತ್ತೊಯ್ಯುತ್ತಿದ್ದರು. “ಮಲಗಿರೋರಿಗೆ ಎಲ್ಲರೂ ಹಣ್ಣು ತರ್ತಾರೆ. ಪಕ್ಕದಲ್ಲಿ ಕೂತೋರಿಗೆ ಸೋಪು, ಟವೆಲ್ಲು ಯಾರು ತರ್ತಾರೆ?” ಎನ್ನುತ್ತಿದ್ದರು. ನೆರವು ಕೊಟ್ಟ ಮನೆಯಲ್ಲಿ ಮಾತ್ರ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಕಷ್ಟದಲ್ಲಿರುವವರಿಗೆ ನಮ್ಮನ್ನು ಉಪಚರಿಸುವ ಹೊರೆ ಬೇಡವೆಂಬುದು ಅವರ ನಿಯಮ. ನಾವೆಲ್ಲ ಅದನ್ನು ದೊಡ್ಡ ಗುಣವೆಂದು ಹೊಗಳಿಕೊಂಡು ತಿರುಗಿದೆವು.

ಈ ಸೇವೆಯ ಬಿಸಿ ಹೆಚ್ಚಾಗಿ ತಟ್ಟಿದ್ದು ಅವರ ಯಜಮಾನರಿಗೆ. ಗಡಿಯಾರ ರಿಪೇರಿಯ ಅಂಗಡಿಯಿಟ್ಟಿದ್ದ ಆ ಸಾಧು ಮನುಷ್ಯರು ತಮ್ಮ ಒಳ್ಳೆಯ ಅಂಗಿಗಳನ್ನು ಅಂಗಡಿಯಲ್ಲಿ ಬಚ್ಚಿಡುತ್ತಿದ್ದರೆಂಬುದು ಇಡೀ ಸಭೆಗೆ ಗೊತ್ತಿದ್ದ ಗುಟ್ಟು. ಒಂದು ವರ್ಷ ಕೌದಿ ಹೊದಿಸುವ ಶನಿವಾರ ಚರ್ಚಿನ ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಬಂದವರು, ತಾವು ಕೂರುವ ಬೆಂಚಿನ ಮೇಲೆಯೇ ತಮ್ಮ ನೀಲಿ ಚೌಕಳಿಯ ಅಂಗಿ ಕೌದಿಯಾಗಿ ಹರಡಿಕೊಂಡಿದ್ದನ್ನು ಕಂಡರು. ಜೇಬು ಕೂಡ ಹಾಗೇ ಇತ್ತು.

“ನಾನು ಈ ಊರು ಬಿಟ್ಟು ಎಲ್ಲೂ ಹೋಗ್ಲಿಲ್ಲ. ನನ್ನ ಅಂಗಿಯಾದ್ರೂ ಹಡಗು ಹತ್ತಲಿ ಬಿಡು,” ಎಂದರಂತೆ.

ಆ ಅಂಗಿ ಹಡಗು ಹತ್ತಲಿಲ್ಲ. ಅದೇ ಮಧ್ಯಾಹ್ನ ಚರ್ಚಿನ ಹಿಂದಿನ ಬೀದಿಯ ಸಾಲುಮನೆಗಳಿಗೆ ಬೆಂಕಿ ಬಿತ್ತು. ಜೀವಗಳು ಉಳಿದವು, ಮನೆಗಳು ಉಳಿಯಲಿಲ್ಲ. ಸಂಸಾರಗಳೆಲ್ಲ ಉಟ್ಟ ಬಟ್ಟೆಯಲ್ಲಿ ಶಾಲೆಯ ಹಜಾರದಲ್ಲಿ ಕೂತಿದ್ದವು. ದೂರದವರಿಗೆ ಮಾತು ಕೊಟ್ಟಾಗಿದೆ, ಲಾರಿ ಗೊತ್ತುಮಾಡಿಯಾಗಿದೆ ಎಂದು ಸಮಿತಿಯವರು ಚರ್ಚೆ ಹೂಡುವಷ್ಟರಲ್ಲಿ ಕತ್ತರಿಯಮ್ಮನವರು ಬೆಂಚುಗಳ ಮೇಲಿನ ಕೌದಿಗಳನ್ನು ಎಳೆದು ಮಡಿಸತೊಡಗಿದ್ದರು. ಮರುದಿನ ನಾವು ಬರಿಯ ಬೆಂಚುಗಳ ಮೇಲೆ ಕೂತು ಆರಾಧನೆ ಮುಗಿಸಿದೆವು. ಸಭೆಗೆ ತನ್ನ ಬಗ್ಗೆಯೇ ಬಹಳ ಹೆಮ್ಮೆಯಾದ ದಿನ ಅದು.

ತಪ್ಪು ನಡೆದದ್ದು ಆಮೇಲೆ. ದೂರಕ್ಕೆ ಹೋದ ಕೌದಿಯನ್ನು ನಾವೆಂದೂ ಮತ್ತೆ ನೋಡುವವರಲ್ಲ. ಇವು ಹಾಗಲ್ಲ, ಪಕ್ಕದ ಬೀದಿಯಲ್ಲೇ ಬಾಡಿಗೆ ಕೋಣೆಗಳ ಮುಂದಿನ ಹಗ್ಗದ ಮೇಲೆ ಒಣಗುತ್ತಿದ್ದವು. ಮಾರುಕಟ್ಟೆಗೆ ಹೋಗುವ ನಮ್ಮ ಹೆಂಗಸರು ಅವುಗಳ ಮುಂದೆ ನಿಂತು, ಇದು ನಮ್ಮ ಹಜಾರದ ಪರದೆ, ಇದು ನಮ್ಮ ಮಗಳ ಫ್ರಾಕು ಎಂದು ಗುರುತು ಹಿಡಿದು ಸಂತೋಷಪಡುತ್ತಿದ್ದರು. ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಕತ್ತರಿಯಮ್ಮನವರೂ ಒಂದು ದಿನ ಪಾಸ್ಟರ್ ಅಯ್ಯನವರನ್ನು ನಿಲ್ಲಿಸಿ, ಹಗ್ಗದ ಮೇಲಿದ್ದ ನೀಲಿ ಚೌಕಳಿಯನ್ನು ಮುಟ್ಟಿ ತೋರಿಸಿ, ಬಣ್ಣ ಹೇಗೆ ನಿಂತಿದೆ ನೋಡಿ ಎಂದು ಹೇಳಿದರು.

ಮುಂದಿನ ಮಂಗಳವಾರ ಆ ನೀಲಿ ಚೌಕಳಿಯ ಕೌದಿಯ ಮನೆಯಾಕೆ ಹೊಲಿಗೆಯ ಕೋಣೆಗೆ ಬಂದರು. ಬೇಕರಿಯಲ್ಲಿ ಕೆಲಸ ಮಾಡುವವರು. ಗಂಡನಿಲ್ಲ, ಶಾಲೆಗೆ ಹೋಗುವ ಒಬ್ಬ ಮಗಳು. ಒಗೆದು ಮಡಿಸಿದ ಕೌದಿಯನ್ನು ಮೇಜಿನ ಮೇಲಿಟ್ಟರು.

“ಇದನ್ನ ವಾಪಸ್ ಇಟ್ಕೊಳ್ಳಿ ಅಮ್ಮ.”

“ಯಾಕಮ್ಮ, ಹರಿದುಹೋಯ್ತಾ?”

“ಹರಿದಿಲ್ಲ, ಗಟ್ಟಿಯಾಗೇ ಇದೆ. ಆದ್ರೆ ಒಣಗೋಕೆ ಹಾಕಿದ್ರೆ ಸಾಕು, ದಾರೀಲಿ ಹೋಗೋರು ನಿಂತ್ಕೊಂಡು ಇದು ನಮ್ದು, ಅದು ನಮ್ದು ಅಂತಾರೆ. ಶಾಲೇಲಿ ನನ್ನ ಮಗಳಿಗೆ ಪರದೆ ಅಂತ ಹೆಸರಿಟ್ಟಿದ್ದಾರೆ. ಅವಳು ಇದನ್ನ ಹೊದ್ಕೊಳ್ಳಲ್ಲ, ಚಳೀಲೇ ಮಲಗ್ತಾಳೆ.” ಹೊರಡಲು ತಿರುಗಿದವರು, “ನೀವೂ ನಿಂತಿದ್ರಿ ಅಮ್ಮ,” ಎಂದರು.

ಆಕೆ ಹೋದ ಮೇಲೆ, ಜೊತೆಗೆ ಹೊಲಿಯುತ್ತಿದ್ದ ಡಾಕ್ಟರ ಹೆಂಡತಿ, “ಪುಕ್ಕಟೆ ಕೊಟ್ಟಿದ್ದಕ್ಕೂ ಇಷ್ಟೊಂದು ಬಿಂಕನಾ,” ಎಂದು ಗೊಣಗಿದರು. ಕತ್ತರಿಯಮ್ಮನವರು ಸುಮ್ಮನಿರಿ ಎಂದಷ್ಟೇ ಹೇಳಿ, ಅಂದಿನ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ, ನೇರ ಪಾಸ್ಟರ್ ಅಯ್ಯನವರ ಮನೆಗೆ ಹೋಗಿ ಕೋಣೆಯ ಬೀಗದ ಕೈಯನ್ನು ಅವರ ಮುಂದಿಟ್ಟರು. ಇಷ್ಟು ವರ್ಷ ಕೊಟ್ಟದ್ದೆಲ್ಲ ಇನ್ನೊಬ್ಬರ ತಲೆ ತಗ್ಗಿಸುವುದಕ್ಕೇ ಆಯಿತೇನೋ ಎಂಬ ಅನುಮಾನ ಅವರನ್ನು ಹಿಡಿದುಬಿಟ್ಟಿತ್ತು. ಮಗುವೊಂದು ಚಳಿಯಲ್ಲಿ ಮಲಗುತ್ತಿದೆ ಎಂಬ ಮಾತು ಅವರಿಗೆ ತಡೆಯಲಾಗಲಿಲ್ಲ. ಅಲ್ಲೇ ಕೂತು ಅತ್ತರು.

ಪಾಸ್ಟರ್ ಅಯ್ಯನವರು ಬೀಗದ ಕೈಯನ್ನು ಹಿಂದಕ್ಕೆ ತಳ್ಳಿದರು. “ದೇವರ ಕೃಪೆ ಸಂಪಾದನೆ ಅಲ್ಲ, ಬರಿಗೈ ಚಾಚಿ ತಗೊಳ್ಳೋದು ಅಂತ ಪ್ರತಿ ಭಾನುವಾರ ಬಡ್ಕೋತೀನಿ. ನಿಮಗೆ ಎಲ್ಲಾ ಬರುತ್ತೆ, ಅದೊಂದು ಬರಲ್ಲ. ಹೋಗಿ ಆಕೆ ಮನೇಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಏನು ಕೊಟ್ರೂ ಬೇಡ ಅನ್ನಬೇಡಿ.”

ಹೋದರು. ಅದೊಂದೇ ಕೋಣೆಯ ಮನೆ. ಒಂದೇ ಕುರ್ಚಿ, ಅದನ್ನು ಇವರಿಗೆ ಕೊಟ್ಟರು. ಚಹಾ ಬಂತು. ಅಭ್ಯಾಸಬಲದಿಂದ ಬೇಡವೆನ್ನಲು ಎದ್ದ ಕೈ ಅರ್ಧದಲ್ಲೇ ಇಳಿದು ಲೋಟ ಹಿಡಿಯಿತು. ತಳ ಸೀದದ್ದರಿಂದ ಬೇಕರಿಯಲ್ಲಿ ಮಾರಾಟವಾಗದೆ ಉಳಿದ ಬನ್ನನ್ನು ಮಗಳು ತಟ್ಟೆಯಲ್ಲಿಟ್ಟಳು. ಅದನ್ನೂ ಪೂರ್ತಿ ತಿಂದರು.

“ನಾನು ಅಲ್ಲಿ ನಿಲ್ಲಬಾರದಿತ್ತು,” ಎಂದರು.

“ಹೌದಮ್ಮ, ನಿಲ್ಲಬಾರದಿತ್ತು,” ಎಂದರು ಬೇಕರಿಯಾಕೆ. ಆಮೇಲೆ, “ಇನ್ನೊಂಚೂರು ಚಹಾ ಹಾಕ್ಲಾ?”

“ಹಾಕಮ್ಮ.”

ಆ ಕುರ್ಚಿಯಲ್ಲಿ ಕೂತೇ ಹೊಸ ಏರ್ಪಾಡೊಂದು ಹುಟ್ಟಿತು. ರೈಲು ದಾರಿಯ ಆ ತುದಿಯ ಊರಿನಲ್ಲಿ ಇನ್ನೊಂದು ಲೂಥರನ್ ಸಭೆಯಿದೆ. ಊರೊಳಗಿನ ನೆರವಿಗೆ ಅವರ ಕೌದಿಗಳು ನಮ್ಮ ಊರಿಗೆ, ನಮ್ಮವು ಅವರ ಊರಿಗೆ. ಹಗ್ಗದ ಮೇಲೆ ಒಣಗುವುದು ಯಾರ ಮನೆಯ ಪರದೆಯೆಂದು ಎರಡೂ ಊರಿನಲ್ಲಿ ಯಾರಿಗೂ ತಿಳಿಯದು. ಮೊದಲು ಬಂದ ಕೌದಿ ಆ ಹುಡುಗಿಗೇ ಸಂದಿತು. ಇಂದಿಗೂ ಈ ಅದಲುಬದಲು ನಡೆದುಕೊಂಡು ಬಂದಿದೆ, ಬೇರೆ ಸಭೆಗಳೂ ಇದನ್ನು ಅನುಸರಿಸಿವೆ.

ಕೆಲವೇ ವಾರಗಳಲ್ಲಿ ಬೇಕರಿಯಾಕೆಯೂ ಮಂಗಳವಾರಗಳಂದು ಬರತೊಡಗಿದರು. ಅವರು ನಮ್ಮ ಸಭೆಯವರಲ್ಲ, ಸೇರಬೇಕೆಂದು ಯಾರೂ ಕೇಳಲಿಲ್ಲ. ಪೆಟ್ಟಿಗೆ ತುಂಬುವ ಕೆಲಸವನ್ನು ಅವರು ವಹಿಸಿಕೊಂಡರು. ಮರಳಿ ಬಂದಿದ್ದ ಕೌದಿಯನ್ನು ಕತ್ತರಿಯಮ್ಮನವರು ದೂರದ ಪೆಟ್ಟಿಗೆಗೆ ಹಾಕಿಬಿಡಿ ಎಂದು ಅವರ ಕೈಗೇ ಕೊಟ್ಟರು.

ಆ ವರ್ಷವೇ, ಪೆಟ್ಟಿಗೆಗಳು ಹೊರಡುವ ಮೊದಲು, ಯಜಮಾನರು ತೀರಿಕೊಂಡರು. ವಾರ ಕಳೆಯುವುದರೊಳಗೆ ಕತ್ತರಿಯಮ್ಮನವರು ಅವರ ಬಟ್ಟೆಯನ್ನೆಲ್ಲ, ಅಂಗಡಿಯಲ್ಲಿ ಬಚ್ಚಿಟ್ಟದ್ದನ್ನೂ ಸೇರಿಸಿ, ತಂದು ಹೊಲಿಗೆಯ ಕೋಣೆಯ ಬುಟ್ಟಿಗೆ ಹಾಕಿದರು, ತಾವೇ ಕತ್ತರಿಸಿದರು. ಒಂದಾದರೂ ಇಟ್ಟುಕೊಳ್ಳಿ ಎಂದು ನಾವು ಹೇಳಿದ್ದಕ್ಕೆ, ಬೀರುವಿಗೆ ಚಳಿಯಾಗುತ್ತದೆಯೇ ಎಂದು ಕೇಳಿದರು. ಆ ಚಳಿಗಾಲ ಅವರು ಬಹಳ ಸೊರಗಿದರು.

ಕಳೆದ ತಿಂಗಳು ಅವರ ಬೀಳ್ಕೊಡುಗೆಯ ಭಾನುವಾರ ಎಂದಿನಂತೆ ಬೆಂಚುಗಳ ಮೇಲೆ ಕೌದಿಗಳು ಹರಡಿದ್ದವು. ಕತ್ತರಿಯಮ್ಮನವರು ತಮ್ಮ ಬೆಂಚಿನಲ್ಲಿ ಒರಗಿ ಕೂತು, ಕೀರ್ತನೆಯ ನಡುವೆ ಕೈಯನ್ನು ಹಿಂದಕ್ಕೆ ಹಾಕಿದಾಗ ಒಂದು ಜೇಬು ಸಿಕ್ಕಿತು. ತಿರುಗಿ ನೋಡಿದರೆ ನೀಲಿ ಚೌಕಳಿ. ಕೀರ್ತನೆ ಮುಗಿಯುವವರೆಗೂ ಆ ಜೇಬಿನಿಂದ ಕೈ ತೆಗೆಯಲಿಲ್ಲ.

ಬೇಕರಿಯಾಕೆ ಪಕ್ಕಕ್ಕೆ ಬಂದು ನಿಂತಿದ್ದರು.

“ಇದನ್ನ ಕಳಿಸಿ ಅಂದಿದ್ನಲ್ಲ.”

“ಪ್ರತಿ ವರ್ಷ ಪೆಟ್ಟಿಗೆ ತುಂಬೋವಾಗ ಇದನ್ನ ಮಾತ್ರ ಕೋಣೆ ಬೀರು ತಳಕ್ಕೆ ಹಾಕ್ತಿದ್ದೆ ಅಮ್ಮ. ಇದು ನಿಮಗೆ.”

“ನಾನು ಇದನ್ನ ಹೇಗೆ ತಗೊಳ್ಳಲಿ?”

“ಅದಕ್ಕೇನು ಪಾಠ ಬೇಕು? ಸುಮ್ನೆ ಮನೆಗೆ ಒಯ್ದು ಹೊದ್ಕೊಳ್ಳಿ.”

ಸಮಿತಿಯ ಪರವಾಗಿ ಸಿದ್ಧವಾಗಿದ್ದ ಉದ್ದನೆಯ ಭಾಷಣವನ್ನು ಯಾರೂ ಕತ್ತರಿಸದಿದ್ದರೂ ಅಂದು ಓದಲಾಗಲಿಲ್ಲ. ಅದರಲ್ಲಿದ್ದ ಹಾರೈಕೆಯನ್ನು ಇಲ್ಲಿ ಸಲ್ಲಿಸುತ್ತೇವೆ: ನಮ್ಮ ಕತ್ತರಿಯಮ್ಮನವರು ನೂರು ಚಳಿಗಾಲ ಬೆಚ್ಚಗೆ ಕಾಣಲಿ, ಮಂಗಳವಾರಗಳಂದು ಅವರ ಕತ್ತರಿಯ ಸದ್ದು ನಮಗೆ ಇನ್ನೂ ಬಹುಕಾಲ ಕೇಳುತ್ತಿರಲಿ. ಮೊನ್ನೆ ನಾವು ಕೆಲವರು ಅವರ ಮನೆಯ ಮುಂದೆ ಹಾದುಹೋದಾಗ ಹಗ್ಗದ ಮೇಲೆ ಆ ಕೌದಿ ಬಿಸಿಲಿಗೆ ಹರಡಿತ್ತು. ಅದರಲ್ಲಿ ನಮ್ಮ ಮನೆಯ ಪರದೆಯೂ ಇತ್ತು, ಡಾಕ್ಟರ ಹೆಂಡತಿಯ ಮೇಜುಬಟ್ಟೆಯೂ ಇತ್ತು. ಕಂಡೂ ಕಾಣದವರಂತೆ ನಾವು ಮುಂದೆ ನಡೆದೆವು.